ಗೋತ್ರ ಬೇರೆ, ಆಲೀಲ್ ಒಂದೇ: ಒಂದು ಕುಟುಂಬದ ಪ್ರಕರಣ ಅಧ್ಯಯನ

ಈ ಪ್ರಕರಣದಲ್ಲಿ ಯಾರ ಜೀವವೂ ಹೋಗಲಿಲ್ಲ. ಹೋಗದೇ ಇರಲು ಒಬ್ಬ ಅರಿವಳಿಕೆ ವೈದ್ಯೆ ಒಂದು ರಾತ್ರಿ ತೆಗೆದುಕೊಂಡ ಕೆಲವು ಸರಿಯಾದ ತೀರ್ಮಾನಗಳು ಕಾರಣ. ಆಮೇಲೆ ಒಂದು ಮದುವೆ ಮುರಿಯುವ ಹಂತಕ್ಕೆ ಬಂದಿತ್ತು, ಅದೂ ಉಳಿಯಿತು. ಆನುವಂಶಿಕ ಸಲಹೆ ಕೊಡುವುದು ನನ್ನ ಕೆಲಸ. ಜನಸಮುದಾಯಗಳಲ್ಲಿ ಆಲೀಲ್‌ಗಳು, ಅಂದರೆ ಒಂದೇ ಜೀನ್‌ನ ಬೇರೆ ಬೇರೆ ರೂಪಗಳು, ಹೇಗೆ ಹೆಚ್ಚುತ್ತವೆ, ಹೇಗೆ ಕಡಿಮೆಯಾಗುತ್ತವೆ ಎಂಬ ಪಾಠವನ್ನು ಇಷ್ಟು ಸ್ಪಷ್ಟವಾಗಿ ತೋರಿಸಿದ ಇನ್ನೊಂದು ಕುಟುಂಬವನ್ನು ನಾನು ನೋಡಿಲ್ಲ. ಹಾಗಾಗಿ ಅವರ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ.

ಊರು, ವಯಸ್ಸು, ಗುರುತು ಸಿಗುವಂಥ ವಿವರಗಳನ್ನೆಲ್ಲ ಬದಲಿಸಿದ್ದೇನೆ. ಸಮುದಾಯದ ಹೆಸರನ್ನು ಮಾತ್ರ ಮುಚ್ಚಿಟ್ಟಿಲ್ಲ. ಇವರು ಆರ್ಯವೈಶ್ಯರು. ಈ ಸಮುದಾಯಕ್ಕೂ, ಅರಿವಳಿಕೆಯಲ್ಲಿ ಬಳಸುವ ಒಂದು ಔಷಧವನ್ನು ಒಡೆಯುವ ಕಿಣ್ವದ ಕೊರತೆಗೂ ಇರುವ ನಂಟು ವೈದ್ಯಕೀಯ ಪತ್ರಿಕೆಗಳಲ್ಲಿ ಆಗಲೇ ಬಂದಿದೆ. ಹೆಸರು ಮುಚ್ಚಿಟ್ಟರೆ ಈ ಬರಹದಿಂದ ಯಾರಿಗೆ ಉಪಯೋಗ ಆಗಬೇಕೋ ಅವರಿಗೇ ಅದು ತಲುಪುವುದಿಲ್ಲ.

ಹಿನ್ನೆಲೆ

ಮಧ್ಯ ಕರ್ನಾಟಕದ ಒಂದು ತಾಲೂಕು ಕೇಂದ್ರ. ತಂದೆಯದು ಗೊಬ್ಬರ, ಕೀಟನಾಶಕದ ಅಂಗಡಿ. ಮನೆಯಲ್ಲಿ ತೆಲುಗು, ಅಂಗಡಿಯಲ್ಲಿ ಕನ್ನಡ. ತಾಯಿಯ ತವರು ಗಡಿಯಾಚೆ, ಆಂಧ್ರದಲ್ಲಿ. ಮೂವರು ಮಕ್ಕಳು. ದೊಡ್ಡ ಮಗ ಇಪ್ಪತ್ತರ ಹರೆಯದವನು, ಅಪ್ಪನ ಜೊತೆ ಅಂಗಡಿ ನೋಡಿಕೊಳ್ಳುತ್ತಿದ್ದ. ಮಗಳಿಗೆ ಮದುವೆ ಗೊತ್ತಾಗಿತ್ತು. ಕೊನೆಯವನು ಪಿಯುಸಿ.

ಗಂಡ ಹೆಂಡತಿ ಸಂಬಂಧಿಕರಲ್ಲ ಎಂಬುದನ್ನು ಇಲ್ಲಿಯೇ ಹೇಳಿಬಿಡುತ್ತೇನೆ, ಮುಂದೆ ಇದು ಮುಖ್ಯವಾಗುತ್ತದೆ. ನಮ್ಮ ಕಡೆ ಸೋದರಮಾವನ ಮಗಳನ್ನೋ ಅಕ್ಕನ ಮಗಳನ್ನೋ ತಂದುಕೊಳ್ಳುವುದು ಹೊಸದಲ್ಲ. ಇವರ ಮನೆಯಲ್ಲಿ ಹಾಗೆ ಆಗಿರಲಿಲ್ಲ. ಎರಡೂ ಕಡೆ ನಾಲ್ಕು ತಲೆಮಾರು ಕೆದಕಿದರೂ ಒಬ್ಬರೂ ಸಮಾನ ಹಿರಿಯರು ಸಿಗಲಿಲ್ಲ.

ಆ ರಾತ್ರಿ

ದೊಡ್ಡ ಮಗನಿಗೆ ರಾತ್ರಿ ಊಟ ಆದ ಮೇಲೆ ಹೊಟ್ಟೆನೋವು ಜಾಸ್ತಿಯಾಯಿತು. ಅಪೆಂಡಿಕ್ಸ್. ಬೆಳಗಿನವರೆಗೆ ಕಾಯುವಂತಿರಲಿಲ್ಲ. ಹೊಟ್ಟೆ ತುಂಬಿದ ರೋಗಿಗೆ ಅರಿವಳಿಕೆ ಕೊಡುವಾಗ ದೊಡ್ಡ ಭಯ ಎಂದರೆ ಹೊಟ್ಟೆಯಲ್ಲಿರುವುದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿಯುವುದು. ಅದಕ್ಕೇ ಗಂಟಲಿಗೆ ಟ್ಯೂಬನ್ನು ಬೇಗ ಹಾಕಬೇಕು. ಬೇಗ ಹಾಕಬೇಕೆಂದರೆ ಸ್ನಾಯುಗಳು ಕೂಡಲೇ ಸಡಿಲವಾಗಬೇಕು. ಈ ಕೆಲಸಕ್ಕೆ 1950ರ ದಶಕದ ಆರಂಭದಿಂದ ಜಗತ್ತಿನ ಎಲ್ಲ ಕಡೆ ಬಳಸುತ್ತಿರುವ ಔಷಧ ಸಕ್ಸಿನೈಲ್‌ಕೋಲಿನ್. ನಮ್ಮ ಆಪರೇಷನ್ ಥಿಯೇಟರ್‌ಗಳಲ್ಲಿ ಎಲ್ಲರೂ ಸ್ಕೋಲಿನ್ ಎನ್ನುತ್ತಾರೆ.

ಸ್ಕೋಲಿನ್ ಒಂದು ನಿಮಿಷದೊಳಗೆ ಕೆಲಸ ಮಾಡುತ್ತದೆ, ಹತ್ತು ನಿಮಿಷದೊಳಗೆ ಇಳಿದುಹೋಗುತ್ತದೆ. ಅಷ್ಟು ಬೇಗ ಇಳಿಯುವುದು ರಕ್ತದಲ್ಲಿರುವ ಬ್ಯುಟಿರಿಲ್‌ಕೋಲಿನೆಸ್ಟರೇಸ್ ಎಂಬ ಕಿಣ್ವದಿಂದ. ಯಕೃತ್ತಿನಲ್ಲಿ ತಯಾರಾಗುವ ಈ ಕಿಣ್ವ ಸ್ಕೋಲಿನ್‌ನ ಬಹುಪಾಲನ್ನು ಸ್ನಾಯು ತಲುಪುವ ಮೊದಲೇ ಒಡೆದು ಹಾಕುತ್ತದೆ. ಕಿಣ್ವ ಇಲ್ಲದಿದ್ದರೆ ಔಷಧ ಗಂಟೆಗಟ್ಟಲೆ ಉಳಿಯುತ್ತದೆ. ಅಷ್ಟೂ ಹೊತ್ತು ಉಸಿರಾಟದ ಸ್ನಾಯು ಅಲುಗಾಡುವುದಿಲ್ಲ.

ಅರಿವಳಿಕೆ ವೈದ್ಯೆ ಸ್ಕೋಲಿನ್ ಕೊಟ್ಟರು, ಟ್ಯೂಬ್ ಹಾಕಿದರು. ಆಮೇಲೆ ಇನ್ನೊಂದು ದೀರ್ಘಾವಧಿಯ ಸ್ನಾಯು ಸಡಿಲಿಸುವ ಔಷಧ ಕೊಡುವುದು ವಾಡಿಕೆ. ಮೊದಲ ಔಷಧ ಇಳಿದ ಲಕ್ಷಣ ಕಂಡ ಮೇಲೆಯೇ ಎರಡನೆಯದನ್ನು ಕೊಡುವುದು ಈ ವೈದ್ಯೆಯ ಪದ್ಧತಿ. ಕಾದರು. ಉಸಿರು ಮರಳುವ ಸೂಚನೆ ಬರಲಿಲ್ಲ. ಎರಡನೆಯದನ್ನು ಕೊಡದೆ ಹಾಗೇ ಮುಂದುವರಿಸಿದರು. ಪ್ರಕರಣದ ಮೊದಲ ತಿರುವು ಇದು. ಎರಡನೇ ಔಷಧ ಕೊಟ್ಟಿದ್ದರೆ ಸ್ನಾಯು ಸಡಿಲವಾಗಿಯೇ ಇರುವುದಕ್ಕೆ ಯಾವುದು ಕಾರಣ ಎಂದು ಬಿಡಿಸುವುದು ಕಷ್ಟವಾಗುತ್ತಿತ್ತು.

ಶಸ್ತ್ರಚಿಕಿತ್ಸೆ ಮುಗಿಯಿತು. ಅರಿವಳಿಕೆ ಅನಿಲ ನಿಲ್ಲಿಸಿದರು. ಹುಡುಗ ಏಳಲಿಲ್ಲ. ಕೆಲವು ನಿಮಿಷದಲ್ಲಿ ನಾಡಿ ಬಡಿತ ಏರಿತು, ಬಿಪಿ ಏರಿತು, ಮುಚ್ಚಿದ ಕಣ್ಣಿನಿಂದ ನೀರು ಇಳಿಯಿತು. ವೈದ್ಯೆಗೆ ಕೂಡಲೇ ಹೊಳೆಯಿತು: ಇವನಿಗೆ ಎಚ್ಚರ ಆಗಿದೆ, ಆದರೆ ಒಂದು ಬೆರಳನ್ನೂ ಅಲುಗಾಡಿಸಲು ಆಗುತ್ತಿಲ್ಲ. ತಕ್ಷಣ ಮತ್ತೆ ನಿದ್ದೆಯ ಔಷಧ ಕೊಟ್ಟರು. ಕಿವಿಯ ಹತ್ತಿರ ಬಗ್ಗಿ, "ಹೆದರಬೇಡಪ್ಪ, ಮಿಷನ್ ಉಸಿರಾಡಿಸುತ್ತಿದೆ, ನಾನು ಇಲ್ಲೇ ಇದ್ದೇನೆ" ಎಂದರು. ಆ ಮಾತು ಅವನಿಗೆ ಕೇಳಿಸಿತ್ತು. ತಿಂಗಳುಗಳ ನಂತರ ನನ್ನ ಹತ್ತಿರ ಅದನ್ನೇ ಹೇಳಿದ. ಆ ನಿಮಿಷಗಳ ಭಯ ಅವನನ್ನು ಬಹಳ ಕಾಲ ಕಾಡಿತು, ಅದಕ್ಕೆ ಬೇರೆ ಆಪ್ತಸಲಹೆ ಬೇಕಾಯಿತು. ಇಂಥ ರೋಗಿಗಳ ವರದಿಗಳಲ್ಲಿ ಈ ಭಾಗವನ್ನು ಒಂದು ಸಾಲಿನಲ್ಲಿ ಮುಗಿಸಿಬಿಡುತ್ತಾರೆ. ಹಾಗೆ ಮಾಡಬಾರದು. ರೋಗಿಯ ಪಾಲಿಗೆ ಇಡೀ ಘಟನೆ ಎಂದರೆ ಅದೇ.

ಮಣಿಕಟ್ಟಿನ ನರಕ್ಕೆ ಸಣ್ಣ ವಿದ್ಯುತ್ ಕೊಟ್ಟು ನೋಡುವ ಉಪಕರಣ ಹಚ್ಚಿದರು. ಹೆಬ್ಬೆರಳು ಅಲುಗಲಿಲ್ಲ. ಕಿಣ್ವದ ಕೊರತೆಯ ಅನುಮಾನ ಬಲವಾಯಿತು. ಮುಂದೆ ಎರಡು ಪ್ರಶ್ನೆಗಳು ಬಂದವು. ನಿಯೋಸ್ಟಿಗ್ಮಿನ್ ಕೊಡಬೇಕಾ? ಬೇರೆ ಸ್ನಾಯು ಸಡಿಲಕಗಳನ್ನು ಇಳಿಸಲು ಅದನ್ನು ಕೊಡುತ್ತಾರೆ. ಆದರೆ ಅಳಿದುಳಿದ ಕಿಣ್ವವನ್ನೂ ಅದು ತಡೆಯುತ್ತದೆ, ಇಲ್ಲಿ ತೊಂದರೆ ಹೆಚ್ಚಾಗಬಹುದು. ಬೇಡ ಎಂದರು. ರಕ್ತದ ಪ್ಲಾಸ್ಮಾ ಕೊಡಬೇಕಾ? ದಾನಿಯ ಪ್ಲಾಸ್ಮಾದಲ್ಲಿ ಕಿಣ್ವ ಇರುತ್ತದೆ, ಬೇಗ ಗುಣ ಕಾಣಬಹುದು. ಆದರೆ ವೆಂಟಿಲೇಟರ್ ಸರಿಯಾಗಿ ನಡೆಯುತ್ತಿರುವಾಗ ಅವಸರ ಇಲ್ಲ, ಪ್ಲಾಸ್ಮಾಗೆ ಅದರದೇ ಅಪಾಯಗಳಿವೆ. ಮೇಲಾಗಿ ಕೊಟ್ಟರೆ ರಕ್ತಪರೀಕ್ಷೆಯಲ್ಲಿ ದಾನಿಯ ಕಿಣ್ವವೂ ಸೇರಿಕೊಂಡು ನಿಜ ಗೊತ್ತಾಗುವುದಿಲ್ಲ. ಅದೂ ಬೇಡ ಎಂದರು. ರಕ್ತದ ಮಾದರಿ ತೆಗೆದಿಟ್ಟು, ನಿದ್ದೆಯಲ್ಲಿಟ್ಟು, ಕಾದರು. ಬೆಳಗಿನ ಜಾವ ಹೆಬ್ಬೆರಳು ಅಲುಗಿತು. ಬೆಳಕು ಹರಿದ ಮೇಲೆ ಅವನೇ ಉಸಿರಾಡಿದ.

ಅನುಮಾನ ಅಂಗಡಿಯ ಮೇಲೆ

ಕೋಲಿನೆಸ್ಟರೇಸ್ ಪರೀಕ್ಷೆ ನಮ್ಮ ಜಿಲ್ಲೆಗಳ ಲ್ಯಾಬ್‌ಗಳಿಗೆ ಹೊಸದಲ್ಲ. ಕೀಟನಾಶಕ ಸೇವಿಸಿ ಬರುವವರಿಗೆ ಮಾಡುವುದೇ ಇದನ್ನು. ಆರ್ಗನೊಫಾಸ್ಫೇಟ್ ಗುಂಪಿನ ವಿಷ ಈ ಕಿಣ್ವವನ್ನು ಕಟ್ಟಿಹಾಕುತ್ತದೆ. ಹುಡುಗನ ವರದಿ ಸೊನ್ನೆಯ ಹತ್ತಿರ ಬಂತು. ಲ್ಯಾಬಿನವರು ಮೊದಲು ಕೇಳಿದ್ದು, "ಮನೆಯಲ್ಲಿ ಏನಾದರೂ ಜಗಳ ಆಗಿತ್ತಾ?"

ಆ ಪ್ರಶ್ನೆ ಮನೆಯವರನ್ನು ಎಷ್ಟು ಕಲಕಿತು ಅಂದರೆ ತಂದೆ ಅಂಗಡಿಗೆ ಬೀಗ ಹಾಕಿದರು. "ನನ್ನ ವ್ಯಾಪಾರವೇ ನನ್ನ ಮಗನ ಉಸಿರು ಹಿಡಿಯಿತು" ಎಂದು ಊಟ ಬಿಟ್ಟರು. ವೈದ್ಯೆ ಅವರನ್ನು ಕರೆದು, "ಶೆಟ್ರೇ, ಇನ್ನೂ ಏನೂ ಗೊತ್ತಾಗಿಲ್ಲ, ಸ್ವಲ್ಪ ತಾಳಿ" ಎಂದು ಕೂರಿಸಿದರು.

ಅನುಮಾನ ತಪ್ಪೇನಲ್ಲ. ವರ್ಷಗಟ್ಟಲೆ ಕೀಟನಾಶಕದ ನಡುವೆ ಇರುವವನ ಕಿಣ್ವ ಕಡಿಮೆ ಇರಬಹುದು. ಯಕೃತ್ತಿನ ಕಾಯಿಲೆ, ಅಪೌಷ್ಟಿಕತೆ, ಗರ್ಭಾವಸ್ಥೆಯಲ್ಲೂ ಇಳಿಯುತ್ತದೆ. ಬೇರ್ಪಡಿಸಿದ್ದು ಎರಡು ಸರಳ ಹೆಜ್ಜೆ. ಮೊದಲನೆಯದು ಕೆಂಪು ರಕ್ತಕಣದ ಮೇಲಿರುವ ಅಸಿಟೈಲ್‌ಕೋಲಿನೆಸ್ಟರೇಸ್ ಪರೀಕ್ಷೆ. ಅದು ಬೇರೆ ಜೀನ್‌ನಿಂದ ಬರುವ ಬೇರೆ ಕಿಣ್ವ. ಈ ಗುಂಪಿನ ಕೀಟನಾಶಕ ಮೈಗೆ ಸೇರಿದ್ದರೆ ಅದೂ ಸಾಮಾನ್ಯವಾಗಿ ಇಳಿಯುತ್ತದೆ. ಇವನಲ್ಲಿ ಅದು ಸರಿಯಾಗಿಯೇ ಇತ್ತು. ಎರಡನೆಯದು, ಕೆಲವು ವಾರ ಅಂಗಡಿಯಿಂದ ದೂರ ಇಟ್ಟು ಮತ್ತೆ ಪರೀಕ್ಷೆ. ಆಗಲೂ ಪ್ಲಾಸ್ಮಾ ಕಿಣ್ವ ಸೊನ್ನೆಯ ಹತ್ತಿರ.

ವೈದ್ಯೆ ಮನೆಯವರೆಲ್ಲರ ರಕ್ತ ತರಿಸಿದರು. ಅಂಗಡಿಗೆ ಕಾಲೇ ಇಡದ ತಂಗಿಯ ಕಿಣ್ವವೂ ಸೊನ್ನೆ. ಅಪ್ಪ ಅಮ್ಮನದು ಸಾಧಾರಣಕ್ಕಿಂತ ಕಡಿಮೆ, ಆದರೆ ಇದೆ. ಕೊನೆಯವನದು ಅಪ್ಪ ಅಮ್ಮನ ಹಾಗೆಯೇ. ಆಗ ತಾಯಿಗೆ ನೆನಪಾಯಿತು: ಆಕೆಯ ಅಣ್ಣನಿಗೆ ಹರ್ನಿಯಾ ಆಪರೇಷನ್ ಆದಾಗ ರಾತ್ರಿಯೆಲ್ಲ ಮಿಷನ್‌ನಲ್ಲಿ ಇಟ್ಟಿದ್ದರಂತೆ. "ಮತ್ತಿನ ಔಷಧ ಜಾಸ್ತಿ ಕೊಟ್ಟುಬಿಟ್ಟಿದ್ದರು ಅಂತ ನಾವು ಡಾಕ್ಟರನ್ನು ಬೈದುಕೊಂಡೆವು" ಎಂದರು. ಈ ಹಂತದಲ್ಲಿ ಅವರು ನನ್ನ ಹತ್ತಿರ ಬಂದರು.

ಜೀನ್ ಪರೀಕ್ಷೆಯಲ್ಲಿ ಗೊಂದಲ ಉಳಿಯಲಿಲ್ಲ. ಕಿಣ್ವದ 307ನೇ ಜಾಗದಲ್ಲಿ ಲ್ಯೂಸಿನ್ ಎಂಬ ಅಮೈನೊ ಆಮ್ಲದ ಬದಲು ಪ್ರೋಲಿನ್ ಇತ್ತು. ಒಂದು ಜೀನ್‌ನ ಎರಡು ಪ್ರತಿಗಳು ನಮ್ಮಲ್ಲಿರುತ್ತವೆ, ತಂದೆಯಿಂದ ಬಂದದ್ದೊಂದು, ತಾಯಿಯಿಂದ ಬಂದದ್ದೊಂದು. ಅಣ್ಣ ತಂಗಿ ಇಬ್ಬರಲ್ಲೂ ಎರಡೂ ಪ್ರತಿ ಹಾಗೆಯೇ ಇದ್ದವು. ಉಳಿದ ಮೂವರಲ್ಲಿ ಒಂದೊಂದು. ಆರ್ಯವೈಶ್ಯ ಸಮುದಾಯದಲ್ಲಿ ಇದೇ ಬದಲಾವಣೆ ಇರುವುದನ್ನು ಸಂಶೋಧಕರು 2006ರಲ್ಲೇ ಪ್ರಕಟಿಸಿದ್ದಾರೆ.

"ನಾವು ಸೋದರಿಕೆ ಮಾಡಿಲ್ಲವಲ್ಲ ಮೇಡಂ"

ತಾಯಿ ಕೇಳಿದ ಮೊದಲ ಪ್ರಶ್ನೆ ಅದು. ಗೋತ್ರವೂ ಬೇರೆ, ಸಂಬಂಧವೂ ಇಲ್ಲ, ಮತ್ತೆ ಹೇಗೆ? ನನ್ನ ಅನುಭವದಲ್ಲಿ ವೈದ್ಯರೂ ಇದೇ ಪ್ರಶ್ನೆ ಕೇಳುತ್ತಾರೆ. ಎರಡು ಬೇರೆ ವಿಷಯಗಳನ್ನು ನಾವು ಒಂದೇ ಎಂದುಕೊಂಡಿದ್ದೇವೆ.

ಹತ್ತಿರದ ಸಂಬಂಧದಲ್ಲಿ ಮದುವೆಯಾದರೆ ಇತ್ತೀಚಿನ ಒಬ್ಬ ಅಜ್ಜನ ಆಲೀಲ್ ಎರಡು ದಾರಿಯಿಂದ ಬಂದು ಮಗುವಿನಲ್ಲಿ ಜೋಡಿಯಾಗಬಹುದು. ಮುಂದಿನ ತಲೆಮಾರಿನಲ್ಲಿ ಹೊರಗಿನವರನ್ನು ಮದುವೆಯಾದರೆ ಆ ಅಪಾಯ ಅಲ್ಲಿಗೇ ಮುಗಿಯುತ್ತದೆ. ಇಲ್ಲಿ ಆಗಿರುವುದು ಬೇರೆ. ಹಿಂದೆ ಯಾವುದೋ ಕಾಲದಲ್ಲಿ ಇಡೀ ಸಮುದಾಯ ಒಂದು ಚಿಕ್ಕ ಗುಂಪಿನಿಂದ ಬೆಳೆದಿದೆ. ಇದನ್ನು ಫೌಂಡರ್ ಎಫೆಕ್ಟ್ ಎನ್ನುತ್ತಾರೆ. ಒಂದು ಮೂಟೆ ಅವರೆಕಾಳಿನಲ್ಲಿ ಎಲ್ಲೋ ಒಂದೆರಡು ಕಪ್ಪು ಕಾಳು ಇರುತ್ತವೆ. ಅದರಿಂದ ಒಂದೇ ಹಿಡಿ ತೆಗೆದಾಗ ಸುಮ್ನೆ ಆಕಸ್ಮಿಕವಾಗಿ ಒಂದು ಕಪ್ಪು ಕಾಳು ಬಂದಿತೆನ್ನಿ. ಮುಂದೆ ಬಿತ್ತುವುದೆಲ್ಲ ಆ ಹಿಡಿಯಿಂದಲೇ ಆದರೆ, ಬೆಳೆಯಲ್ಲಿ ಕಪ್ಪು ಕಾಳಿನ ಪಾಲು ಮೂಟೆಯಲ್ಲಿದ್ದುದಕ್ಕಿಂತ ಎಷ್ಟೋ ಪಟ್ಟು ಹೆಚ್ಚು.

ತಾಯಿಗೆ ಇದು ಅರ್ಥವಾಯಿತು. ಆದರೆ ಗೋತ್ರದ ಪ್ರಶ್ನೆ ಬಿಡಲಿಲ್ಲ. ಬಿಡಬಾರದ ಪ್ರಶ್ನೆಯೇ ಅದು. ಆರ್ಯವೈಶ್ಯರಲ್ಲಿ 102 ಗೋತ್ರಗಳು. ಸಗೋತ್ರ ಮದುವೆ ಇಲ್ಲ. ಇದು ರಕ್ಷಣೆ ಕೊಡಬೇಕಿತ್ತಲ್ವಾ? ಗೋತ್ರ ತಂದೆಯಿಂದ ಮಕ್ಕಳಿಗೆ ಬರುತ್ತದೆ. ಜೀನ್ ಹಾಗಲ್ಲ, ಅರ್ಧ ತಾಯಿಯಿಂದ ಬರುತ್ತದೆ. ಮದುವೆಯಾದ ಹೆಣ್ಣಿನ ಗೋತ್ರ ಬದಲಾಗುತ್ತದೆ, ಅವಳ ಜೀನ್ ಬದಲಾಗುವುದಿಲ್ಲ. ಅಂದರೆ ಪ್ರತಿ ಮದುವೆಯೂ ಒಂದು ಗೋತ್ರದ ಆಲೀಲ್‌ಗಳನ್ನು ಇನ್ನೊಂದು ಗೋತ್ರಕ್ಕೆ ಕೊಂಡೊಯ್ಯುತ್ತದೆ. ನೂರಾರು ವರ್ಷ ಹೀಗೆ ನಡೆದರೆ ಒಂದು ಆಲೀಲ್ ಎಲ್ಲ ಗೋತ್ರಗಳಲ್ಲೂ ಹರಡಿಕೊಳ್ಳುತ್ತದೆ. ಗೋತ್ರಗಳ ನಡುವೆ ಗೋಡೆ ಇಲ್ಲ. ಗೋಡೆ ಇರುವುದು ಸಮುದಾಯದ ಸುತ್ತ.

ಜೊತೆಗೆ ಬಂದಿದ್ದ ಅಜ್ಜಿ ಆಗ ಸಮುದಾಯದ ಕುಲದೇವಿ ವಾಸವಿ ಅಮ್ಮನವರ ಕಥೆ ಹೇಳಿದರು. 714 ಗೋತ್ರಗಳಲ್ಲಿ 102 ಗೋತ್ರದವರು ಮಾತ್ರ ಆಂಧ್ರದ ಪೆನುಗೊಂಡದಲ್ಲಿ ದೇವಿಯ ಜೊತೆ ನಿಂತರು ಎಂಬ ಕಥೆ. ದೊಡ್ಡ ಗುಂಪು ಚಿಕ್ಕದಾದ ನೆನಪು ಸಮುದಾಯದ ಕಥೆಯಲ್ಲೇ ಇದೆ ಎಂದು ಕೇಳಿ ನನಗೆ ರೋಮಾಂಚನವಾಯಿತು. ಆದರೆ ನಂಬಿಕೆಯ ಕಥೆಯನ್ನು ವಿಜ್ಞಾನದ ಸಾಕ್ಷಿಯಾಗಿ ಎಳೆದು ತರಬಾರದು. ಡಿಎನ್‌ಎ ಲೆಕ್ಕದ ಪ್ರಕಾರ ಈ ಸಮುದಾಯ ಕಿರಿದಾದದ್ದು ಸುಮಾರು ಎರಡು ಮೂರು ಸಾವಿರ ವರ್ಷಗಳ ಹಿಂದೆ, ಕಥೆಯ ಕಾಲಕ್ಕಿಂತ ಬಹಳ ಮುಂಚೆ.

ಈ ಅಂದಾಜು ಬಂದಿರುವುದು ಹೈದರಾಬಾದಿನ ಜೀವವಿಜ್ಞಾನ ಸಂಶೋಧನಾ ಸಂಸ್ಥೆ ಸಿಸಿಎಂಬಿಯ ತಂಗರಾಜ್ ಮತ್ತು ಹಾರ್ವರ್ಡ್‌ನ ಡೇವಿಡ್ ರೈಕ್ ಅವರ ತಂಡಗಳ ಜಂಟಿ ಕೆಲಸದಿಂದ. 2017ರಲ್ಲಿ ಅವರು ದಕ್ಷಿಣ ಏಷ್ಯಾದ 2,800ಕ್ಕೂ ಹೆಚ್ಚು ಜನರ ಡಿಎನ್‌ಎ ನೋಡಿದರು. 263 ಗುಂಪುಗಳಲ್ಲಿ 81 ಗುಂಪುಗಳ ಫೌಂಡರ್ ಘಟನೆ, ಇದಕ್ಕೆ ಹೆಸರಾದ ಫಿನ್‌ಲ್ಯಾಂಡಿನವರು ಮತ್ತು ಅಶ್ಕೆನಾಜಿ (ಮಧ್ಯ ಮತ್ತು ಪೂರ್ವ ಯುರೋಪ್ ಮೂಲದ) ಯಹೂದಿಗಳದ್ದಕ್ಕಿಂತಲೂ ತೀವ್ರವಾಗಿತ್ತು. ಅವುಗಳಲ್ಲಿ 14 ಗುಂಪುಗಳ ಜನಸಂಖ್ಯೆ ಹತ್ತು ಲಕ್ಷಕ್ಕೂ ಹೆಚ್ಚು. ಆರ್ಯವೈಶ್ಯರೇ ಮೂವತ್ತು ಲಕ್ಷಕ್ಕೂ ಹೆಚ್ಚಿದ್ದಾರೆ. ತಲೆ ಎಣಿಸಿದರೆ ದೊಡ್ಡ ಸಮುದಾಯ, ಹಿರಿಯರನ್ನು ಎಣಿಸಿದರೆ ಚಿಕ್ಕದು. ಈ ಕಿಣ್ವದ ಕೊರತೆ ಇವರಲ್ಲಿ ಬೇರೆ ಗುಂಪುಗಳಿಗಿಂತ ನೂರು ಪಟ್ಟಿನಷ್ಟು ಹೆಚ್ಚು ಎಂದು ಅದೇ ತಂಡ ಬರೆದಿದೆ.

ನೂರು ಪಟ್ಟು ಎಂದರೆ ಏನೆಂದು ಹಾರ್ಡಿ ಮತ್ತು ವೈನ್‌ಬರ್ಗ್ 1908ರಲ್ಲಿ ಕೊಟ್ಟ ಲೆಕ್ಕದಿಂದ ನೋಡಬಹುದು. ಉದಾಹರಣೆಗೆ ಒಂದು ಸಮುದಾಯದಲ್ಲಿ ಹತ್ತು ಸಾವಿರಕ್ಕೆ ಒಬ್ಬರಿಗೆ ಕೊರತೆ ಇದೆ ಅನ್ನಿ. ಆಗ ಆಲೀಲ್‌ನ ಪಾಲು ನೂರಕ್ಕೆ 1. ಒಂದೇ ಪ್ರತಿ ಹೊತ್ತಿರುವವರು ನೂರಕ್ಕೆ ಸುಮಾರು 2 ಜನ. ಇನ್ನೊಂದರಲ್ಲಿ ನೂರಕ್ಕೆ ಒಬ್ಬರಿಗೆ ಕೊರತೆ ಇದ್ದರೆ ಆಲೀಲ್‌ನ ಪಾಲು ನೂರಕ್ಕೆ 10, ಒಂದು ಪ್ರತಿ ಹೊತ್ತವರು ನೂರಕ್ಕೆ 18. ಕೊರತೆ ನೂರು ಪಟ್ಟು ಏರಿದರೂ ಆಲೀಲ್ ಏರಿದ್ದು ಹತ್ತೇ ಪಟ್ಟು. ಆದರೆ ಅಂಥ ಕಡೆ ಸಂಬಂಧವೇ ಇಲ್ಲದ ಇಬ್ಬರು ಮದುವೆಯಾದರೂ ಇಬ್ಬರಲ್ಲೂ ಆ ಆಲೀಲ್ ಇರುವುದು ಅಪರೂಪವಲ್ಲ.

ಇಷ್ಟು ವರ್ಷವಾದರೂ ಅದು ತೊಲಗಲಿಲ್ಲ ಯಾಕೆ ಎಂದು ಹುಡುಗ ಕೇಳಿದ. ಒಳ್ಳೆಯ ಪ್ರಶ್ನೆ. ನೈಸರ್ಗಿಕ ಆಯ್ಕೆ ಕೆಲಸ ಮಾಡಬೇಕಾದರೆ ಆ ಆಲೀಲ್‌ನಿಂದ ಬದುಕಿಗೋ ಸಂತಾನಕ್ಕೋ ಪೆಟ್ಟು ಬೀಳಬೇಕು. ಈ ಕಿಣ್ವ ಇಲ್ಲದವರ ದಿನನಿತ್ಯದ ಬದುಕಿಗೆ ತೊಂದರೆ ಕಾಣುವುದಿಲ್ಲ. 1950ಕ್ಕೆ ಮೊದಲು ಸ್ಕೋಲಿನ್ ಆಸ್ಪತ್ರೆಗಳಲ್ಲೇ ಇರಲಿಲ್ಲ. ಹಾಗಾಗಿ ಎರಡು ಸಾವಿರ ವರ್ಷ ಈ ಆಲೀಲ್ ಬರೀ ಆಕಸ್ಮಿಕದ ಮೇಲೆ ಏರಿಳಿಯಿತು. ಇದೇ ಜೆನೆಟಿಕ್ ಡ್ರಿಫ್ಟ್. ಒಮ್ಮೆ ಯಾರಲ್ಲೋ ಮ್ಯುಟೇಷನ್, ಅಂದರೆ ಜೀನ್‌ನಲ್ಲಿ ಬದಲಾವಣೆ ಆಯಿತು, ಚಿಕ್ಕ ಗುಂಪಿನ ಡ್ರಿಫ್ಟ್ ಅದನ್ನು ಏರಿಸಿತು, ಒಳಗೊಳಗೇ ಆದ ಮದುವೆಗಳಿಂದ ಹೊರಗಿನ ಆಲೀಲ್‌ಗಳು ಹರಿದು ಬಂದು ಅದನ್ನು ತೆಳುವಾಗಿಸಲಿಲ್ಲ, ಆಯ್ಕೆ ಅದನ್ನು ಮುಟ್ಟಲಿಲ್ಲ. ಪಠ್ಯದಲ್ಲಿ ಬೇರೆ ಬೇರೆ ಅಧ್ಯಾಯಗಳಲ್ಲಿ ಬರುವ ನಾಲ್ಕು ಶಕ್ತಿಗಳೂ ಈ ಒಂದು ಮನೆಯಲ್ಲಿ ಸಿಗುತ್ತವೆ.

ಆಯ್ಕೆ ಮುಟ್ಟಿದ್ದರೂ ಬೇಗ ಮುಗಿಯುತ್ತಿರಲಿಲ್ಲ. ಎರಡು ಪ್ರತಿ ಇದ್ದರೆ ಮಾತ್ರ ತೊಂದರೆ ಕೊಡುವ ಆಲೀಲ್ ನೂರಕ್ಕೆ 1ರಷ್ಟಿದ್ದು, ತೊಂದರೆಯಿರುವ ಯಾರಿಗೂ ಮಕ್ಕಳೇ ಆಗದಿದ್ದರೂ ಅದು ಅರ್ಧಕ್ಕೆ ಇಳಿಯಲು 100 ತಲೆಮಾರು ಬೇಕು. ಒಂದೇ ಪ್ರತಿ ಇರುವ ಆರೋಗ್ಯವಂತರಲ್ಲಿ ಅದು ಅಡಗಿ ಕೂತಿರುತ್ತದೆ.

ಮದುವೆಯ ತೀರ್ಮಾನ

ಪ್ರಕರಣದ ನಿಜವಾದ ಬಿಕ್ಕಟ್ಟು ಆಸ್ಪತ್ರೆಯಲ್ಲಿ ಅಲ್ಲ, ಇಲ್ಲಿ ಬಂತು. ತಂಗಿಯ ವರದಿ ಗಂಡಿನ ಮನೆಗೆ ಗೊತ್ತಾಯಿತು. ಮದುವೆಯಾಗುವ ಹುಡುಗನೂ ಪರೀಕ್ಷೆ ಮಾಡಿಸಿಕೊಳ್ಳಲಿ, ಅವನಲ್ಲೂ ಇದ್ದರೆ ಸಂಬಂಧ ಬೇಡ ಎಂದು ಎರಡೂ ಕಡೆಯ ಹಿರಿಯರು ನಿಶ್ಚಯಿಸಿದರು. ಅವರಿಗೆ ಮಾದರಿಯೂ ಇತ್ತು. ಅಶ್ಕೆನಾಜಿ ಯಹೂದಿಗಳಲ್ಲಿ ಟೇ ಸ್ಯಾಕ್ಸ್ ಎಂಬ ಮಾರಕ ಕಾಯಿಲೆ ತಪ್ಪಿಸಲು 1980ರ ದಶಕದಿಂದ ಮದುವೆಗೆ ಮೊದಲೇ ಹೀಗೆ ನೋಡುತ್ತಾರೆ, ಅದರಿಂದ ಬಹಳ ಒಳ್ಳೆಯದಾಗಿದೆ ಎಂದು ಗಂಡಿನ ಚಿಕ್ಕಪ್ಪ ಓದಿಕೊಂಡು ಬಂದಿದ್ದರು.

ನಾನು ಅವರ ಎದುರು ಎರಡನ್ನೂ ಪಕ್ಕ ಪಕ್ಕ ಇಟ್ಟೆ. ಟೇ ಸ್ಯಾಕ್ಸ್ ಇರುವ ಮಗು ಸಾಮಾನ್ಯವಾಗಿ ಐದು ವರ್ಷ ದಾಟುವುದಿಲ್ಲ, ಚಿಕಿತ್ಸೆ ಇಲ್ಲ. ಈ ಕಿಣ್ವ ಇಲ್ಲದ ಮಗು ನಿಮ್ಮ ಸೊಸೆಯಾಗುವವಳ ಹಾಗೆ ಆರೋಗ್ಯವಾಗಿ ಬೆಳೆಯುತ್ತದೆ. ಅದಕ್ಕೆ ಬೇಕಾದ್ದು ಸ್ಕೋಲಿನ್ ಕೊಡದ ಒಬ್ಬ ವೈದ್ಯ. ಫೌಂಡರ್ ಎಫೆಕ್ಟ್ ಎರಡಕ್ಕೂ ಸಮಾನ, ತೀರ್ಮಾನ ಸಮಾನ ಆಗಬೇಕಿಲ್ಲ. ಹುಡುಗ ಪರೀಕ್ಷೆ ಮಾಡಿಸಿಕೊಳ್ಳಲಿ, ಆದರೆ ಅವನ ಸ್ವಂತ ಸುರಕ್ಷತೆಗೆ. ಮದುವೆಗೂ ಅದಕ್ಕೂ ಗಂಟು ಹಾಕಬೇಡಿ ಎಂದೆ.

ತಕ್ಷಣ ಒಪ್ಪಲಿಲ್ಲ. ಹುಡುಗ ಪರೀಕ್ಷೆ ಮಾಡಿಸಿದ, ಒಂದು ಪ್ರತಿ ಇತ್ತು. ಹುಟ್ಟುವ ಪ್ರತಿ ಮಗುವಿಗೂ ಕೊರತೆ ಇರುವ ಸಾಧ್ಯತೆ ಅರ್ಧಕ್ಕರ್ಧ. ಮತ್ತೆ ಗದ್ದಲವಾಯಿತು. ಕೊನೆಗೆ ತಂಗಿಯೇ ಎದ್ದು, "ಇಷ್ಟು ವರ್ಷ ನಾನು ಇದರ ಜೊತೆಗೇ ಬದುಕಿದ್ದೇನೆ, ಯಾರಿಗಾದರೂ ಗೊತ್ತಾಗಿತ್ತಾ?" ಎಂದು ಕೇಳಿದಳು. ಮದುವೆ ನಡೆಯಿತು.

ಆಮೇಲೆ

ಮನೆಯ ಐದೂ ಜನರಿಗೆ, ಸೋದರಮಾವನಿಗೂ ಸೇರಿ, ಕಾರ್ಡ್ ಮಾಡಿಕೊಟ್ಟೆವು. ಕೊರತೆಯ ಹೆಸರು, ಪರೀಕ್ಷೆಯ ಫಲ, ಕೊಡಬಾರದ ಎರಡು ಔಷಧ: ಸಕ್ಸಿನೈಲ್‌ಕೋಲಿನ್ ಮತ್ತು ಮೈವಕ್ಯೂರಿಯಂ. ಇದೇ ಕಿಣ್ವ ಒಡೆಯುವ ಪ್ರೊಕೇನ್‌ನಂಥ ಮರಗಟ್ಟಿಸುವ ಔಷಧಗಳ ಬಗ್ಗೆ ಎಚ್ಚರಿಕೆಯ ಸಾಲೂ ಇದೆ. ತುರ್ತಿದ್ದರೆ ರೊಕ್ಯುರೋನಿಯಂ ಬಳಸಬಹುದು, ಅದನ್ನು ಇಳಿಸಲು ಸುಗಮಾಡೆಕ್ಸ್ ಇದೆ ಎಂದೂ ಬರೆದೆವು. ಕಾರ್ಡಿನ ಚಿತ್ರ ಎಲ್ಲರ ಮೊಬೈಲ್‌ನಲ್ಲೂ ಇದೆ.

ತಂದೆ ಅಂಗಡಿ ತೆರೆದರು. ರಕ್ತಕ್ಕೆ ಸೇರಿದ ಆರ್ಗನೊಫಾಸ್ಫೇಟ್ ಅನ್ನು ಸ್ವಲ್ಪ ಮಟ್ಟಿಗೆ ಹಿಡಿದಿಡುವ ಕೆಲಸವನ್ನೂ ಈ ಕಿಣ್ವ ಮಾಡುತ್ತದೆ. ಆದ್ದರಿಂದ ದೊಡ್ಡ ಮಗ ಈಗ ಕೀಟನಾಶಕ ಸುರಿಯುವ, ಅಳೆಯುವ ಕೆಲಸಕ್ಕೆ ಕೈ ಹಾಕುವುದಿಲ್ಲ, ಲೆಕ್ಕ ಮತ್ತು ಬೀಜದ ಕಡೆ ನೋಡಿಕೊಳ್ಳುತ್ತಾನೆ. ತಂಗಿಯ ಹೆರಿಗೆ ಸಿಸೇರಿಯನ್ ಆಯಿತು. ಬೆನ್ನಿಗೆ ಬ್ಯುಪಿವಕೇನ್ ಕೊಟ್ಟು ಮಾಡಿದರು. ಆ ಔಷಧಕ್ಕೆ ಈ ಕಿಣ್ವ ಬೇಕಿಲ್ಲ.

ಶಸ್ತ್ರಚಿಕಿತ್ಸೆ ನಡೆದ ನರ್ಸಿಂಗ್ ಹೋಂನ ಅರಿವಳಿಕೆ ಫಾರಂನಲ್ಲಿ ಎರಡು ಪ್ರಶ್ನೆ ಸೇರಿವೆ. ಮನೆಯಲ್ಲಿ ಯಾರಿಗಾದರೂ ಆಪರೇಷನ್ ನಂತರ ಎಚ್ಚರವಾಗುವುದು, ಉಸಿರಾಟ ಮರಳುವುದು ತಡವಾಗಿತ್ತಾ? ನೀವು ಆರ್ಯವೈಶ್ಯರಾ? ಎರಡನೆಯದನ್ನು ಕೇಳಲು ಮೊದಮೊದಲು ಸಿಬ್ಬಂದಿಗೆ ಮುಜುಗರವಿತ್ತು. ಆಸ್ಪತ್ರೆಯಲ್ಲಿ ಜಾತಿ ಕೇಳುವುದು ಬೇರೆ ಯಾವ ಸಂದರ್ಭದಲ್ಲೂ ನನಗೆ ಒಪ್ಪಿಗೆಯಿಲ್ಲ. ಇಲ್ಲಿ ಕೇಳದಿದ್ದರೆ ನಷ್ಟ ರೋಗಿಗೇ. ಯಾಕೆ ಕೇಳುತ್ತಿದ್ದೇವೆ ಎಂದು ಮೊದಲೇ ಎರಡು ಮಾತಿನಲ್ಲಿ ಹೇಳಿದರೆ ಜನ ಬೇಸರ ಮಾಡಿಕೊಳ್ಳುವುದಿಲ್ಲ ಎಂದು ಅಲ್ಲಿನ ನರ್ಸ್‌ಗಳು ಹೇಳುತ್ತಾರೆ.

ಈ ಕುಟುಂಬದ ಒತ್ತಾಯದಿಂದ ಅವರ ಊರಿನ ಕನ್ಯಕಾ ಪರಮೇಶ್ವರಿ ದೇವಸ್ಥಾನದಲ್ಲಿ ಒಂದು ಮಾಹಿತಿ ಸಭೆ ನಡೆಯಿತು. ಕಿಣ್ವದ ಪರೀಕ್ಷೆಗೆ ಅನೇಕರು ರಕ್ತ ಕೊಟ್ಟರು. ಒಬ್ಬ ಹಿರಿಯರು ಮಾತ್ರ, ಹೆಣ್ಣುಮಕ್ಕಳ ಹೆಸರು ಪಟ್ಟಿಗೆ ಬರುವುದು ಬೇಡ, ನಾಳೆ ಸಂಬಂಧ ಕೂಡುವುದು ಕಷ್ಟವಾಗುತ್ತದೆ ಎಂದು ಎದ್ದು ಹೋದರು. ಅವರ ಆತಂಕಕ್ಕೆ ಆಧಾರ ಇದೆ, ಈ ಕುಟುಂಬದಲ್ಲೇ ನೋಡಿದೆವಲ್ಲ. ಹಾಗಾಗಿ ಪಟ್ಟಿಯನ್ನೇ ಮಾಡಲಿಲ್ಲ. ಫಲಿತಾಂಶವನ್ನು ಮುಚ್ಚಿದ ಲಕೋಟೆಯಲ್ಲಿ ಆಯಾ ವ್ಯಕ್ತಿಯ ಕೈಗೇ ಕೊಟ್ಟೆವು, ಪ್ರತಿ ಇಟ್ಟುಕೊಳ್ಳಲಿಲ್ಲ.